ಮನೆಯ ಡಿಬಿ ಬಾಕ್ಸ್: ಕರಾವಳಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಡಿಬಿ ಬಾಕ್ಸ್ ವಿಷಯ ಬಂದಾಗ ಮಾತ್ರ "ನೀವೇ ಯಾವುದಾದರೂ ಒಂದು ಹಾಕಿ" ಅನ್ನುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ಫೋನ್ ಬರುತ್ತದೆ. ವೈರಿಂಗ್ ಕೆಲಸದಲ್ಲಿರುವ ನನ್ನನ್ನು ಜನ ಸೈಟಿನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಂದ ಶುರು ಮಾಡುವವರಿಗೆ

ಡಿಬಿ ಅಂದ್ರೆ ಎಂತ? ಮೀಟರ್ ಬೋರ್ಡೇ ಡಿಬಿ ಅಲ್ವಾ?

ಅಲ್ಲ. ಮೀಟರ್ ವಿದ್ಯುತ್ ಕಂಪನಿ ಮೆಸ್ಕಾಂನದ್ದು, ಅದಕ್ಕೆ ಅವರ ಸೀಲ್ ಇರುತ್ತದೆ. ಅಲ್ಲಿಂದ ಮನೆಯೊಳಗೆ ಬಂದ ಕರೆಂಟನ್ನು ಲೈಟಿಗೆ, ಪ್ಲಗ್ಗಿಗೆ, ಗೀಸರಿಗೆ, ಪಂಪಿಗೆ ಬೇರೆ ಬೇರೆ ಲೈನಾಗಿ ಹಂಚುವ ಪೆಟ್ಟಿಗೆ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್. ಒಂದು ಮೇನ್ ಸ್ವಿಚ್, ಒಂದೆರಡು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ, ಅಂದರೆ ಬೀಳುವ ಸ್ವಿಚ್), ಸಾಲಾಗಿ ಎಂಸಿಬಿಗಳು (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರು) ಒಂದು ಪಟ್ಟಿ, ಅರ್ತ್‌ಗೆ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು) ಒಂದು ಪಟ್ಟಿ. ಒಳಗೆ ಇರುವುದು ಇಷ್ಟೇ.

ಎಂಸಿಬಿ ಉಂಟಲ್ವಾ, ಮತ್ತೆ ಆರ್‌ಸಿಸಿಬಿ ಯಾಕೆ?

ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ನಿಮ್ಮನ್ನು.

16 ಆಂಪ್ಸ್ ಎಂಸಿಬಿ ಬೀಳಬೇಕಾದರೆ 16 ಆಂಪ್ಸ್‌ಗಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಎದೆಯ ಮೂಲಕ ಅದರ ಐನೂರರಲ್ಲಿ ಒಂದು ಪಾಲು, ಅಂದರೆ ಸುಮಾರು 30 ಮಿಲಿಆಂಪ್ಸ್ ಹರಿದರೂ ಅಪಾಯ ಶುರುವಾಯಿತು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತಿರುತ್ತದೆ. ಲೆಕ್ಕ ತಪ್ಪಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಅದು ನಿಮ್ಮ ಮೈಯ ಮೂಲಕವೇ ಇರಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಾವಿಕಟ್ಟೆಯ ಪೈಪು ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ವರ್ಷಗಟ್ಟಲೆ ಎಲ್ಲರೂ ರಬ್ಬರ್ ಚಪ್ಪಲಿ ಹಾಕಿಕೊಂಡು ನೀರು ಬಿಟ್ಟರು. "ಸ್ವಲ್ಪ ಕರೆಂಟ್ ಬರುತ್ತೆ, ಏನಾಗಲ್ಲ" ಅಂತ ದೊಡ್ಡಮ್ಮನೇ ನನಗೆ ಹೇಳಿದ್ದರು. ಆರ್‌ಸಿಸಿಬಿ ಕೂರಿಸಿದ ದಿನ ಪಂಪಿನ ಸ್ವಿಚ್ ಹಾಕಿದ ಕೂಡಲೇ ಬಿತ್ತು. ಹುಡುಕಿದರೆ, ಮಣ್ಣಿನಡಿ ವೈರಿಗೊಂದು ಜೋಡಣೆ, ಅದರ ಮೇಲೆ ಕೊಳೆತ ಟೇಪು. ಅರ್ತ್ ವೈರ್ ಪಂಪಿನವರೆಗೆ ಹೋಗಿರಲೇ ಇಲ್ಲ. ಆ ಚಪ್ಪಲಿಗಳನ್ನು ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ.

ಒಂದು ಮಾತು ನೆನಪಿರಲಿ: ಒಂದು ಕೈಯಲ್ಲಿ ಫೇಸ್ (ಕರೆಂಟ್ ಬರುವ ವೈರು), ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿ ಉಳಿಸುತ್ತದೆ ಎಂದು ನಂಬಬೇಡಿ. ಅದರ ಪಾಲಿಗೆ ನೀವೂ ಒಂದು ಬಲ್ಬು ಇದ್ದ ಹಾಗೆ.

ನಮ್ಮದು ಹಳೇ ಹೆಂಚಿನ ಮನೆ. ಫ್ಯೂಸ್ ಇಷ್ಟು ವರ್ಷ ಚೆನ್ನಾಗೇ ಇತ್ತು. ಬದಲಾಯಿಸ್ಲೇಬೇಕಾ?

ಬದಲಾಯಿಸಿ. ಪಿಂಗಾಣಿ ಫ್ಯೂಸ್ ಕೆಟ್ಟದ್ದಲ್ಲ, ಅದಕ್ಕೆ ಸುತ್ತುವ ತಂತಿಯದ್ದೇ ತೊಂದರೆ. ರಾತ್ರಿ ಫ್ಯೂಸ್ ಹೋದಾಗ ಕೈಗೆ ಸಿಕ್ಕ ತಾಮ್ರದ ಎಳೆ ನಾಲ್ಕು ಸುತ್ತಿ ಕೂರಿಸುತ್ತೇವೆ, ಅಲ್ವಾ? ಆಮೇಲೆ ಅದು ಫ್ಯೂಸ್ ಅಲ್ಲ, ಬರೀ ತಂತಿ.

ಬಾಕ್ಸ್ ಮಾತ್ರ ಹೊಸದು ಹಾಕಿದರೆ ಕೆಲಸ ಮುಗಿಯುವುದಿಲ್ಲ. ಮರದ ಪಟ್ಟಿಯ ಮೇಲಿನ ಹಳೇ ವೈರಿನ ಮೇಲ್ಪದರ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿದ್ದರೆ ಮೊದಲು ವೈರಿಂಗ್ ಆಗಬೇಕು. ಅಷ್ಟು ದುಡ್ಡು ಈಗ ಇಲ್ಲದಿದ್ದರೆ ಕನಿಷ್ಠ ಒಂದು ಆರ್‌ಸಿಸಿಬಿಯನ್ನಾದರೂ ಈ ಮಳೆಗಾಲದ ಮೊದಲು ಹಾಕಿಸಿ. ಅರ್ತ್ ಸರಿಯಿಲ್ಲದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ.

ಕರೆಂಟ್ ಕೆಲಸ ಗೊತ್ತಿರೋ ಹುಡುಗ ಒಬ್ಬ ಇದ್ದಾನೆ. ಅವನೇ ಮಾಡಿದ್ರೆ ಸಾಕಲ್ವಾ?

ಕೈಚಳಕ ಅವನಿಗೆ ಇರಬಹುದು. ಆದರೆ ಹೊಸ ವೈರಿಂಗ್, ಡಿಬಿ ಬದಲಾವಣೆ ಪರವಾನಗಿ ಇರುವ ಗುತ್ತಿಗೆದಾರರ ಕೆಳಗೆ ಆಗಬೇಕು. ಅವರು ಪರೀಕ್ಷೆ ಮಾಡಿ ಸಹಿ ಹಾಕಿದ ವರದಿ ನಿಮ್ಮ ಕೈಯಲ್ಲಿರಬೇಕು. ಹುಡುಗ ಅವರ ಜೊತೆ ಕೆಲಸ ಮಾಡಲಿ. ಮತ್ತೊಂದು ವಿಷಯ, ಡಿಬಿಯ ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ಎರಡು ವೈರು ಜೀವಂತವೇ ಇರುತ್ತವೆ. ಆ ತುದಿ ಮುಟ್ಟುವ ಮೊದಲು ಮೀಟರ್ ಪಕ್ಕದ ಸ್ವಿಚ್ ಆಫ್ ಆಗಬೇಕು. ಮೀಟರಿನಿಂದ ಆಚೆಗೆ ಮೆಸ್ಕಾಂನವರೇ ಕೈ ಹಾಕಬೇಕು, 1912ಕ್ಕೆ ಫೋನ್ ಮಾಡಿ.

## ಆರಿಸುವಾಗ

ಎಷ್ಟು ವೇ ಬಾಕ್ಸ್ ತಗೊಳ್ಳೋದು?

ವೇ ಅಂದರೆ ಒಂದು ಎಂಸಿಬಿ ಕೂರುವ ಜಾಗ. ಕಾಗದ ತೆಗೆದು ಲೈನುಗಳನ್ನು ಎಣಿಸಿ. ನಮ್ಮ ಕಡೆಯ ಎರಡು ಬೆಡ್‌ರೂಮಿನ ಮನೆಯೊಂದನ್ನು ತೆಗೆದುಕೊಳ್ಳೋಣ. ಲೈಟು-ಫ್ಯಾನಿಗೆ ಎರಡು, ಪ್ಲಗ್ಗಿಗೆ ಎರಡು, ಅಡುಗೆಮನೆಗೆ ಎರಡು, ಗೀಸರಿಗೆ ಎರಡು, ಎಸಿಗೆ ಎರಡು, ಬಾವಿ ಪಂಪಿಗೆ ಒಂದು, ವಾಷಿಂಗ್ ಮಷೀನಿಗೆ ಒಂದು. ಹನ್ನೆರಡಾಯಿತು. ಮೇನ್ ಸ್ವಿಚ್ ಎರಡು ಜಾಗ ತಿನ್ನುತ್ತದೆ, ಒಂದೊಂದು ಆರ್‌ಸಿಸಿಬಿ ಎರಡೆರಡು, ಸಿಡಿಲಿನ ಸರ್ಜ್ ಪ್ರೊಟೆಕ್ಟರ್ ಎರಡು. ಎರಡು ಆರ್‌ಸಿಸಿಬಿ ಇಟ್ಟರೆ ಇಪ್ಪತ್ತು. ಮುಂದೆ ಸೋಲಾರ್, ಕಾರಿನ ಚಾರ್ಜರ್ ಬರುತ್ತದೆ, ನಾಲ್ಕು ಜಾಗ ಖಾಲಿ ಬಿಡಿ.

"12 ವೇ" ಅಂತ ಬರೆದದ್ದನ್ನು ಮಾತ್ರ ನಂಬಬೇಡಿ. ಕೆಲವರು ಮೇನ್ ಸ್ವಿಚ್ಚಿನ ಜಾಗವನ್ನೂ ಸೇರಿಸಿ ಹೇಳುತ್ತಾರೆ, ಕೆಲವರು ಬಿಟ್ಟು ಹೇಳುತ್ತಾರೆ. ಅಂಗಡಿಯಲ್ಲೇ ಬಾಗಿಲು ತೆರೆಸಿ. ಒಂದು ಎಂಸಿಬಿ ಅಗಲ ಸುಮಾರು 18 ಮಿಲಿಮೀಟರ್, ಒಳಗಿನ ರೈಲಿನ ಮೇಲೆ ಎಷ್ಟು ಕೂರುತ್ತವೆ ಎಣಿಸಿಯೇ ತನ್ನಿ.

ತಗಡಿನ ಬಾಕ್ಸ್ ಸಮುದ್ರದ ಹತ್ತಿರ ತುಕ್ಕು ಹಿಡಿಯೋದಿಲ್ವಾ?

ಹಿಡಿಯುತ್ತದೆ. ಆದರೆ ಪೇಂಟ್ ಮೇಲಿಂದ ಅಲ್ಲ, ಪೈಪಿಗಾಗಿ ತಗಡು ಒಡೆದ ತೂತಿನ ಅಂಚಿನಿಂದ. ಅಲ್ಲಿ ಪೇಂಟ್ ಇರುವುದಿಲ್ಲ. ಒಡೆದ ಅಂಚಿಗೆ ಪೇಂಟ್ ಹಚ್ಚಿಸಿ, ಬೇಡದ ತೂತು ಮುಚ್ಚಿಸಿ. ತೆರೆದಿಟ್ಟರೆ ಹಲ್ಲಿ, ಇರುವೆ ಒಳಗೆ ಮನೆ ಮಾಡುತ್ತವೆ. ಮನೆಯೊಳಗಿನ ಗೋಡೆಗೆ ನಾನು ತಗಡಿನದ್ದನ್ನೇ ಹೇಳುತ್ತೇನೆ, ಬೆಂಕಿ ಬಂದರೆ ಕರಗುವುದಿಲ್ಲ. ಬಾಕ್ಸಿಗೂ ಅದರ ಬಾಗಿಲಿಗೂ ಅರ್ತ್ ವೈರ್ ಹೋಗಿರಬೇಕು. ಹೊರಗೆ, ಪಂಪ್‌ಶೆಡ್ಡಿನಲ್ಲಿ ಇಡುವುದಾದರೆ ರಬ್ಬರ್ ಅಂಚಿನ, ನೀರು ನುಗ್ಗದ ಐಪಿ 65 ಪ್ಲಾಸ್ಟಿಕ್ ಬಾಕ್ಸೇ ಒಳ್ಳೆಯದು.

ಯಾವ ಗೋಡೆಗೆ ಹಾಕಿಸ್ಬೇಕು?

ಮಳೆ ಹೊಡೆಯದ ಒಳಗೋಡೆಗೆ. ಕರಾವಳಿಯಲ್ಲಿ ಮಳೆ ಪಡುವಣದಿಂದ ಬೀಸಿ ಬರುತ್ತದೆ. ಪಶ್ಚಿಮದ ಹೊರಗೋಡೆ ಕೆಂಪು ಕಲ್ಲಿನದ್ದಾದರೆ ಆಟಿ (ಜುಲೈ-ಆಗಸ್ಟ್) ತಿಂಗಳಿಡೀ ಒದ್ದೆಯೇ. ಆ ಗೋಡೆಯೊಳಗೆ ಡಿಬಿ ಹೂತರೆ ಬಾಕ್ಸಿನ ಬೆನ್ನು ಬೆವರುತ್ತದೆ. ಬಚ್ಚಲು ಬೇಡ, ಒಲೆಯ ಮೇಲೆ ಬೇಡ, ಸಾಮಾನು ತುಂಬುವ ಮೆಟ್ಟಿಲಡಿ ಬೇಡ. ಕಣ್ಣಿನ ಮಟ್ಟದಲ್ಲಿ, ಕತ್ತಲಲ್ಲೂ ಕೈಗೆ ಸಿಗುವ ಕಡೆ ಇರಲಿ. ಚಂದಕ್ಕಾಗಿ ಮುಂದೆ ಫೋಟೋ ತೂಗುಹಾಕಿ ಮುಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲದಕ್ಕೂ 32 ಆಂಪ್ಸ್ ಹಾಕಿದ್ರೆ ಟ್ರಿಪ್ಪೇ ಆಗಲ್ಲ ಅಂತಾರೆ. ಹೌದಾ?

ಟ್ರಿಪ್ ಆಗುವುದಿಲ್ಲ, ವೈರು ಸುಡುತ್ತದೆ. ಎಂಸಿಬಿ ವೈರಿಗಿಂತ ಮೊದಲು ಸೋಲಬೇಕು, ಅದಕ್ಕಾಗಿಯೇ ಅದು ಅಲ್ಲಿರುವುದು. ಲೈಟು-ಫ್ಯಾನಿನ 1.5 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರಿಗೆ 6 ಅಥವಾ 10 ಆಂಪ್ಸ್. ಪ್ಲಗ್ಗಿನ 2.5 ಸ್ಕ್ವೇರಿಗೆ 16. 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಒಂಬತ್ತು ಆಂಪ್ಸಿನೊಳಗೆ, 16 ಧಾರಾಳ ಸಾಕು. ಒಂದೂವರೆ ಟನ್ ಎಸಿಗೆ 4 ಸ್ಕ್ವೇರ್ ವೈರು, 20 ಆಂಪ್ಸ್.

ಎಂಸಿಬಿ ಮೇಲೆ ಆಂಪ್ಸ್ ಜೊತೆ ಬಿ ಅಥವಾ ಸಿ ಅಂತ ಅಕ್ಷರ ಇರುತ್ತದೆ. ಬಿ ತನ್ನ ಮೇಲೆ ಬರೆದ ಆಂಪ್ಸಿನ ಮೂರರಿಂದ ಐದು ಪಟ್ಟು ಕರೆಂಟಿಗೆ ತಟ್ಟನೆ ಬೀಳುತ್ತದೆ, ಸಿ ಐದರಿಂದ ಹತ್ತು ಪಟ್ಟಿಗೆ. ಪಂಪು, ಎಸಿ ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಎಳೆಯುತ್ತವೆ, ಅವಕ್ಕೆ ಸಿ ಬೇಕು. ಲೈಟು, ಗೀಸರಿಗೆ ಬಿ ಸಾಕು.

ದುಡ್ಡು ಎಲ್ಲಿ ಉಳಿಸ್ಬಹುದು?

ಬಾಕ್ಸಿನ ಬಾಗಿಲಿನ ಅಂದದಲ್ಲಿ ಉಳಿಸಿ. ಆರ್‌ಸಿಸಿಬಿ, ಎಂಸಿಬಿ, ವೈರಿನಲ್ಲಿ ಬೇಡ. ಐಎಸ್‌ಐ ಗುರುತು ನೋಡಿ, ಬಿಲ್ ಹಾಕಿಸಿ ತನ್ನಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯ ಮಾಲು ನಕಲಿ ಇರಬಹುದು.

## ಕೂರಿಸುವಾಗ

ನಮ್ಮದು ಮುರಕಲ್ಲಿನ ನೆಲ. ಅರ್ತಿಂಗ್ ಗುಂಡಿ ತೆಗೆದಿದ್ದೇವೆ. ಅಷ್ಟು ಸಾಕಲ್ವಾ?

ಇದು ಎಲ್ಲರೂ ಅರ್ಧ ಮಾತ್ರ ತಿಳಿದಿರುವ ವಿಷಯ. ಸ್ವಲ್ಪ ಲೆಕ್ಕ ನೋಡೋಣ.

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಅರ್ತ್ ಅಂದರೆ ಅಂಗಳದ ಗುಂಡಿಯೇ. ಅದರ ಅಡ್ಡಿ (ರೆಸಿಸ್ಟೆನ್ಸ್) 10 ಓಮ್ ತೋರಿಸಿತು ಅಂತ ಇಟ್ಟುಕೊಳ್ಳಿ. ಗ್ರೈಂಡರಿನ ಬಾಡಿಗೆ ಫೇಸ್ ತಾಗಿತು. 230 ವೋಲ್ಟನ್ನು 10ರಿಂದ ಭಾಗಿಸಿದರೆ 23 ಆಂಪ್ಸ್. 16 ಆಂಪ್ಸಿನ ಸಿ ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪ್ಸ್ ಬೇಕು. 23ಕ್ಕೆ ಅದು ಒಂದು ಗಂಟೆ ಹೊತ್ತು ಸುಮ್ನೆ ಕೂತಿರಬಹುದು. ಅಷ್ಟು ಹೊತ್ತೂ ಗ್ರೈಂಡರಿನ ಮೈಮೇಲೆ ಕರೆಂಟ್! ಹಾಗಾಗಿ ಗುಂಡಿ ಒಂದೇ ಕಾಯುವುದಿಲ್ಲ. ಗುಂಡಿ ದಾರಿ ಕೊಡಬೇಕು, ಆರ್‌ಸಿಸಿಬಿ ಬೀಳಬೇಕು. ಎರಡೂ ಜೋಡಿಯಾಗಿ ಇರಬೇಕು.

ಮುರಕಲ್ಲಿನಲ್ಲಿ, ಅಂದರೆ ಕೆಂಪು ಕಲ್ಲಿನಲ್ಲಿ, ನೀರು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಅಳೆದರೆ ಒಳ್ಳೆಯ ಅಂಕಿ ಬರುತ್ತದೆ, ಏಪ್ರಿಲ್‌ನಲ್ಲಿ ಅದೇ ಗುಂಡಿ ಕೈಕೊಡುತ್ತದೆ. ಅದಕ್ಕೇ ಅರ್ತ್ ಟೆಸ್ಟರ್ ಇಟ್ಟು ಬೇಸಿಗೆಯಲ್ಲಿ ಅಳೆಯಿಸಿ. ಗುಂಡಿಯ ಜಾಗ ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ಇದ್ದರೆ ವರ್ಷವಿಡೀ ತಂಪಾಗಿರುತ್ತದೆ. ಅಂಕಿ ಜಾಸ್ತಿ ಬಂದರೆ ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಡಿ ಮಾಡಿ ಎರಡನ್ನೂ ಸೇರಿಸಿ. ಅರ್ತ್ ಸಿಗಲಿಲ್ಲ ಅಂತ ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೆ ಅರ್ತ್ ಜೋಡಿಸುವ ಅಭ್ಯಾಸ ಕೆಲವರಿಗಿದೆ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲೇ ಫೇಸ್ ಆಗುತ್ತದೆ.

ಒಂದೇ ಆರ್‌ಸಿಸಿಬಿ ಸಾಕಾ?

ನಿಯಮದ ಮಟ್ಟಿಗೆ ಸಾಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಮನೆಗಳಿಗೆ ಕೇಳುವುದು 30 ಮಿಲಿಆಂಪ್ಸ್ ಮೀರದ ರಕ್ಷಣೆ. ಅಂಗಡಿಯಲ್ಲಿ 100, 300ರದ್ದೂ ಸಿಗುತ್ತದೆ, ಅವು ಜೀವ ಉಳಿಸಲು ಅಲ್ಲ.

ನಮ್ಮ ಮಳೆಗೆ ಮಾತ್ರ ಎರಡು ಬೇಕು ಅನ್ನುವುದು ನನ್ನ ಅನುಭವ. ಮನೆಯೊಳಗಿನದ್ದಕ್ಕೆ ಒಂದು. ಪಂಪು, ಗೇಟಿನ ಲೈಟು, ಅಂಗಳದ ಪ್ಲಗ್ಗು ಇವಕ್ಕೆ ಇನ್ನೊಂದು. ಇಲ್ಲದಿದ್ದರೆ ಗೇಟಿನ ಲೈಟಿಗೆ ನೀರು ಹೋದರೆ ರಾತ್ರಿಯಿಡೀ ಇಡೀ ಮನೆ ಕತ್ತಲೆ. ಬಜೆಟ್ ಇದ್ದರೆ ಗೀಸರಿಗೆ, ಪಂಪಿಗೆ ಆರ್‌ಸಿಬಿಓ ಹಾಕಿ. ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಆರ್‌ಸಿಸಿಬಿಗೆ ಓವರ್‌ಲೋಡ್ ತಡೆಯಲು ಬರುವುದಿಲ್ಲ. ಅದರ ಮೇಲೆ ಬರೆದ 40 ಅಥವಾ 63 ಆಂಪ್ಸ್ ಅದು ತಾಳುವ ಮಿತಿ. ಮುಂದಿರುವ ಮೇನ್ ಎಂಸಿಬಿ ಅದನ್ನು ಮೀರಬಾರದು.

ನಂಗೆ ಕರೆಂಟ್ ಕೆಲಸ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಎಂತ ನೋಡ್ಬೇಕು?

ಮುಚ್ಚಳ ಹಾಕುವ ಮೊದಲು ಮೇನ್ ಆಫ್ ಇರುವಾಗ, ಮುಟ್ಟದೆ, ಟಾರ್ಚ್ ಬಿಟ್ಟು ನೋಡಿ. ಒಂದು ತೂತಿಗೆ ಒಂದೇ ವೈರು ಹೋಗಿದೆಯಾ? ತುದಿಗೆ ಲಗ್ (ಲೋಹದ ತೊಪ್ಪಿ) ಒತ್ತಿದ್ದಾರಾ, ಅಥವಾ ಎಳೆಗಳು ಪೊರಕೆಯ ಹಾಗೆ ಚಾಚಿಕೊಂಡಿವೆಯಾ? ಒಂದೊಂದೇ ವೈರನ್ನು ಎಳೆದು ತೋರಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಅಲ್ಲಾಡಬಾರದು. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ಎಂಸಿಬಿ ಕೆಳಗೆ ಕನ್ನಡದಲ್ಲೇ ಹೆಸರು ಬರೆಸಿ: ಚಾವಡಿ, ಅಡುಗೆಮನೆ, ಬಾವಿ ಪಂಪು. ಅಜ್ಜಿಗೂ ಓದಲು ಬರಬೇಕು.

ಸಡಿಲ ಸ್ಕ್ರೂ ಎಷ್ಟು ಕೆಟ್ಟದ್ದು ಅಂತ ಮಲ್ಪೆಯ ಒಂದು ಮನೆಯಲ್ಲಿ ಕಂಡೆ. ನ್ಯೂಟ್ರಲ್ ಪಟ್ಟಿಯ ಒಂದೇ ಒಂದು ಸ್ಕ್ರೂ ಸರಿಯಾಗಿ ಬಿಗಿದಿರಲಿಲ್ಲ. ಅದರ ಸುತ್ತ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ವೈರಿನ ತುದಿ ಗಟ್ಟಿಯಾಗಿ ಕಪ್ಪಾಗಿತ್ತು. ಕೆಲವು ಪ್ಲಾಸ್ಟಿಕ್ ಕಾದರೆ ಮೀನಿನ ಹಾಗೇ ನಾರುತ್ತದೆ. ಬಂದರಿನ ಹತ್ತಿರದ ಮನೆ, ವಾರಗಟ್ಟಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಸ ಬಾಕ್ಸಿನ ಸ್ಕ್ರೂಗಳನ್ನು ಒಂದು ತಿಂಗಳ ಬಳಿಕ ಮತ್ತೊಮ್ಮೆ ಬಿಗಿ ಮಾಡಿಸಿ.

## ಮಳೆ, ಸಿಡಿಲು

ಮಳೆಗಾಲ ಬಂದ್ರೆ ಆರ್‌ಸಿಸಿಬಿ ಬೀಳ್ತಾನೇ ಇರುತ್ತೆ ಮಾರಾಯ್ರೆ. ತೆಗೆಸಿಬಿಡ್ಲಾ?

ಬೇಡ. ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಕೇಳಿದ್ದು ಇದು. ನಾನು ಕೈಮುಗಿದು ಉತ್ತರ ಹೇಳುವುದೂ ಇದಕ್ಕೇ. ಮಳೆಯಲ್ಲಿ ಬೀಳುತ್ತದೆ ಅಂದರೆ ಮಳೆಯಲ್ಲಿ ಎಲ್ಲೋ ಕರೆಂಟ್ ನೀರಿಗೆ ಇಳಿಯುತ್ತಿದೆ. ನೆಲ ಒದ್ದೆ, ಗೋಡೆ ಒದ್ದೆ, ಕಾಲು ಬರಿಗಾಲು. ಆರ್‌ಸಿಸಿಬಿ ಅತ್ಯಂತ ಬೇಕಾದ ತಿಂಗಳುಗಳೇ ಅವು. ಅದನ್ನು ಬೈಪಾಸ್ ಮಾಡಿಕೊಡುವ ಕೆಲಸದವರೂ ಇದ್ದಾರೆ. ಕೇಳಿದರೂ ಮಾಡಿಕೊಡದವರನ್ನು ಇಟ್ಟುಕೊಳ್ಳಿ.

ಹುಡುಕುವುದು ಹೀಗೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನಿನ ಪ್ಲಗ್ಗುಗಳನ್ನೆಲ್ಲ ತೆಗೆದು ಮತ್ತೆ ನೋಡಿ. ಆಗ ನಿಂತರೆ ತಪ್ಪು ಯಂತ್ರದ್ದು, ಆಗಲೂ ಬಿದ್ದರೆ ವೈರಿನದ್ದು. ನಮ್ಮಲ್ಲಿ ಸಿಕ್ಕಿಬೀಳುವವು ಬಹುತೇಕ ಇವೇ: ಗೇಟಿನ ಲೈಟಿನ ಬುಡ, ಟೆರೇಸಿನ ಪ್ಲಗ್ಗು, ಪಂಪಿನ ಜೋಡಣೆ, ಗೀಸರಿನ ಕಾಯಿಲ್, ಹೆಂಚಿನ ಸೋರಿಕೆ ಇಳಿಯುವ ಜಂಕ್ಷನ್ ಬಾಕ್ಸು.

ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರಬಹುದು. ಒಂಟಿ (ಸಿಂಗಲ್ ಪೋಲ್) ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಆಗ ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ಗಳನ್ನು ಬಿಚ್ಚಿ ಮೆಗ್ಗರ್‌ನಿಂದ (ವೈರಿನ ಮೇಲ್ಪದರ ಸೋರುತ್ತದಾ ಎಂದು ನೋಡುವ ಮೀಟರ್) ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಲೈನೇ ಕಳ್ಳ. ಅದನ್ನು ಸರಿ ಮಾಡುವವರೆಗೆ ಫೇಸ್, ನ್ಯೂಟ್ರಲ್ ಎರಡನ್ನೂ ಬೇರ್ಪಡಿಸಿಡಿ. ಉಳಿದ ಮನೆ ಆರ್‌ಸಿಸಿಬಿ ಕಾವಲಲ್ಲೇ ಓಡಲಿ.

ಸಿಡಿಲಿಗೆ ಪ್ರತಿ ವರ್ಷ ಒಂದು ಮೋಡೆಮ್ ಹೋಗ್ತದೆ. ಡಿಬಿಯಲ್ಲಿ ಏನಾದ್ರೂ ಹಾಕ್ಬಹುದಾ?

ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಬಹುದು. ದೂರದಲ್ಲಿ ಬಿದ್ದ ಸಿಡಿಲಿನಿಂದ ಲೈನಿನ ಮೇಲೆ ಬರುವ ಹೊಡೆತವನ್ನು ಅದು ಅರ್ತ್‌ಗೆ ಇಳಿಸುತ್ತದೆ. ಅದಕ್ಕೆ ಹೋಗಿಬರುವ ವೈರು ಒಟ್ಟು ಅರ್ಧ ಮೀಟರ್ ಮೀರಬಾರದು. ಬಾಕ್ಸಿನೊಳಗೆ ಸುತ್ತು ಹೊಡೆಸಿದರೆ ಹಾಕಿದ್ದು ದಂಡ. ಅದರ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದರೆ ಬದಲಿಸಿ. ಟಿವಿ ಕೇಬಲ್, ಟೆಲಿಫೋನ್ ತಂತಿಯಿಂದ ಬರುವ ಸಿಡಿಲನ್ನು ಇದು ತಡೆಯುವುದಿಲ್ಲ. ಏಪ್ರಿಲ್-ಮೇಯ ಸಂಜೆಗಳಲ್ಲಿ, ನವರಾತ್ರಿ ಆಚೀಚೆಯ ಗುಡುಗಿನಲ್ಲಿ ಪ್ಲಗ್ ಕಿತ್ತಿಡುವ ಅಮ್ಮಂದಿರ ಅಭ್ಯಾಸ ಈಗಲೂ ಸರಿಯೇ.

ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಯ್ತು. ಎಂಸಿಬಿ ಯಾಕೆ ಬೀಳ್ಲಿಲ್ಲ?

ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ಬರಬೇಕಾದ ಮನೆಗೆ 400 ವೋಲ್ಟಿನವರೆಗೂ ಬರಬಹುದು. ಎಂಸಿಬಿ ನೋಡುವುದು ಆಂಪ್ಸ್ ಮಾತ್ರ, ವೋಲ್ಟ್ ಅಲ್ಲ. ಸರ್ಜ್ ಪ್ರೊಟೆಕ್ಟರ್ ಕೂಡ ಕ್ಷಣದ ಹೊಡೆತಕ್ಕೆ ಮಾತ್ರ. ಇದಕ್ಕೆ ಬೇರೆಯೇ ಸಾಧನ ಉಂಟು, ವೋಲ್ಟೇಜ್ ಏರಿದರೂ ಇಳಿದರೂ ಲೈನ್ ಕಡಿದು, ಸರಿಯಾದ ಮೇಲೆ ತಾನೇ ಕೂಡಿಸುವಂಥದ್ದು. ತೋಟದ ನಡುವೆ ಸರ್ವಿಸ್ ವೈರ್ ಬರುವ ಮನೆಗೆ ನಾನು ತಪ್ಪದೆ ಹೇಳುತ್ತೇನೆ.

## ಇನ್ನೂ ಒಳಗೆ ಹೋದರೆ

ಇನ್ವರ್ಟರ್ ಹಾಕಿಸಿದ ಮೇಲೆ ಆರ್‌ಸಿಸಿಬಿ ನಿಲ್ಲೋದೇ ಇಲ್ಲ. ಯಾವುದು ಹಾಳು?

ಎರಡೂ ಹಾಳಾಗಿಲ್ಲ. ಎರಡು ಆರ್‌ಸಿಸಿಬಿ ಇರುವ ಮನೆಯಲ್ಲಿ ಇನ್ವರ್ಟರಿಗೆ ಕರೆಂಟ್ ಒಂದರಿಂದ ಹೋಗಿ, ಲೈಟಿನ ನ್ಯೂಟ್ರಲ್ ಇನ್ನೊಂದಕ್ಕೆ ವಾಪಸ್ ಬರುತ್ತಿರುತ್ತದೆ. ಇಬ್ಬರ ಲೆಕ್ಕವೂ ತಪ್ಪುತ್ತದೆ. ಇನ್ವರ್ಟರ್ ಲೈನುಗಳ ನ್ಯೂಟ್ರಲ್‌ಗೆ ಬೇರೆ ಪಟ್ಟಿ ಕೊಡಿಸಿ. ಬ್ಯಾಟರಿಯಲ್ಲಿ ಓಡುವಾಗ ಮೇನಿನ ಆರ್‌ಸಿಸಿಬಿ ಕಾವಲು ಇರುವುದಿಲ್ಲ, ಹಾಗಾಗಿ ಬಚ್ಚಲಿನ, ಅಂಗಳದ ಪ್ಲಗ್ಗನ್ನು ಇನ್ವರ್ಟರಿಗೆ ಕೊಡಬೇಡಿ. ಡಿಬಿ ಬಿಚ್ಚುವ ಮೊದಲು ಮೇನ್ ಜೊತೆ ಇನ್ವರ್ಟರನ್ನೂ ಆಫ್ ಮಾಡಬೇಕು. ಬಾಗಿಲಿನ ಒಳಗೆ ಹಾಗೆಂದು ಬರೆದು ಅಂಟಿಸಿ.

ತ್ರೀ ಫೇಸ್ ಉಂಟು. ಫೇಸ್ ಸೆಲೆಕ್ಟರ್ ಹಾಕಿದ್ರೆ ಒಳ್ಳೆಯದಲ್ವಾ?

ಒಂದು ಫೇಸ್ ಹೋದಾಗ ಇನ್ನೊಂದಕ್ಕೆ ತಿರುಗಿಸಲು ಅನುಕೂಲ. ಆದರೆ ಮೂರೂ ಸಾಲನ್ನು ಒಂದೇ ಫೇಸಿಗೆ ತಿರುಗಿಸಿ ಎರಡು ಎಸಿ, ಗೀಸರ್ ಹಾಕಿದರೆ ಹೊರೆಯೆಲ್ಲ ಆ ಒಂದು ವೈರಿಗೂ ನ್ಯೂಟ್ರಲ್‌ಗೂ ಬೀಳುತ್ತದೆ. ತಿರುಗಿಸಿದಾಗ ಲೈಟು, ಫ್ಯಾನು, ಫ್ರಿಜ್ ಸಾಕು. ನಾಲ್ಕು ಪೋಲಿನ (ಮೂರು ಫೇಸ್, ಒಂದು ನ್ಯೂಟ್ರಲ್) ಆರ್‌ಸಿಸಿಬಿಯ ಟೆಸ್ಟ್ ಬಟನ್ ನಿರ್ದಿಷ್ಟ ಪೋಲುಗಳಿಗೆ ಮಾತ್ರ ಜೋಡಿಸಿರುತ್ತದೆ. ಆ ಫೇಸ್ ಇಲ್ಲದಾಗ ಬಟನ್ ಒತ್ತಿದರೂ ಬೀಳುವುದಿಲ್ಲ, ಹಾಳಾಯಿತು ಅಂದುಕೊಳ್ಳಬೇಡಿ.

ಎಲೆಕ್ಟ್ರಿಕ್ ಕಾರು ಬರ್ತಾ ಉಂಟು. ಇರುವ 16 ಆಂಪ್ಸ್ ಪ್ಲಗ್ಗಿಗೆ ಹಾಕ್ಲಾ?

ಸ್ಕೂಟರಿಗೆ ಸಾಕು. ಕಾರಿನ 3.3 ಕಿಲೋವ್ಯಾಟ್ ಚಾರ್ಜರ್ ಹದಿನಾಲ್ಕು ಆಂಪ್ಸಿನಷ್ಟನ್ನು ರಾತ್ರಿಯಿಡೀ ಎಳೆಯುತ್ತದೆ, ಸಾಮಾನ್ಯ ಪ್ಲಗ್ಗು ಬಿಸಿಯಾಗುತ್ತದೆ. ಡಿಬಿಯಿಂದ ನೇರ 4 ಸ್ಕ್ವೇರ್ ಲೈನು, ಅದಕ್ಕೇ ಬೇರೆ ಆರ್‌ಸಿಸಿಬಿ ಕೊಡಿ. ಆರ್‌ಸಿಸಿಬಿ ಟೈಪ್ ಎ ಇರಲಿ. ಹಳೇ "ಟೈಪ್ ಎಸಿ" ಆರ್‌ಸಿಸಿಬಿ (ಈ ಎಸಿ ಏರ್ ಕಂಡಿಷನರ್ ಅಲ್ಲ) ಎಲೆಕ್ಟ್ರಾನಿಕ್ ಯಂತ್ರಗಳ ಸೋರಿಕೆಯನ್ನು ಸರಿಯಾಗಿ ಗುರುತಿಸುವುದಿಲ್ಲ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮಷೀನಿಗೂ ಇದೇ ಮಾತು. 7.4 ಕಿಲೋವ್ಯಾಟಿನ ಗೋಡೆ ಚಾರ್ಜರ್ ಆದರೆ 32 ಆಂಪ್ಸ್ ಎಳೆಯುತ್ತದೆ, ಮೊದಲು ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ.

ಟೆಸ್ಟ್ ಬಟನ್ ಒತ್ತಿದ್ರೆ ಹಾಳಾಗಲ್ವಾ?

ಒತ್ತದಿದ್ದರೇ ಹಾಳಾಗುವುದು. ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗು ಜಡ್ಡುಗಟ್ಟುತ್ತದೆ. ತಿಂಗಳಿಗೊಮ್ಮೆ ಒತ್ತಿ. ಆಗದಿದ್ದರೆ ಪತ್ತನಾಜೆ (ಮೇ ಕೊನೆ) ಹೊತ್ತಿಗೊಮ್ಮೆ, ದೀಪಾವಳಿಗೊಮ್ಮೆಯಾದರೂ. ಒತ್ತಿದಾಗ ಬೀಳದಿದ್ದರೆ ಅವತ್ತೇ ಹೊಸದು ತನ್ನಿ.

ನಾವಿರೋದು ಮುಂಬೈಯಲ್ಲಿ. ಊರಿನ ಮನೆ ತೆರೆಯೋದು ವರ್ಷಕ್ಕೆ ಎರಡೇ ಸಲ. ಮೇನ್ ಆಫ್ ಮಾಡಿ ಹೋಗ್ಬಹುದಾ?

ಆಫ್ ಮಾಡಿಯೇ ಹೋಗಿ, ಇನ್ವರ್ಟರನ್ನೂ ಸೇರಿಸಿ. ವಾಪಸ್ ಬಂದ ದಿನ ಬಸ್ಸಿಳಿದು ನೇರ ಮೇನ್ ಹಾಕಬೇಡಿ. ಹಗಲಿನಲ್ಲಿ ಡಿಬಿ ಬಾಗಿಲು ತೆರೆದು ನೋಡಿ. ಗೆದ್ದಲು ಮಣ್ಣು, ಇರುವೆ ಮೊಟ್ಟೆ, ಹಸಿರು ಹಿಡಿದ ಸ್ಕ್ರೂ, ಗೋಡೆಯ ತೇವ ಯಾವುದಾದರೂ ಕಂಡರೆ ಎಲೆಕ್ಟ್ರಿಷಿಯನ್ ಬರಲಿ. ಒಣಗಿದೆ ಅಂತಾದರೆ ಎಲ್ಲ ಎಂಸಿಬಿ ಇಳಿಸಿ, ಮೇನ್ ಹಾಕಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ನೋಡಿ. ಆಮೇಲೆ ಒಂದೊಂದೇ ಲೈನ್. ಪಂಪು ಕೊನೆಗೆ, ಬಾವಿಕಟ್ಟೆಯ ಹತ್ತಿರ ಯಾರೂ ಇಲ್ಲ ಅಂತ ನೋಡಿಕೊಂಡು.